ಮೊದಲು ಟಾರ್ಚ್, ಆಮೇಲೆ ಪಾನಾ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಪಂಪ್‌ಸೆಟ್ ಕುರಿತ ಉತ್ತರವೊಂದರ ನಡುವೆ ನನ್ನ 1957ರ ಎಂಜಿಎ ಗಾಡಿಯ (ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು) ಬಗ್ಗೆ ಒಂದು ಸಾಲು ಬರೆದುಬಿಟ್ಟೆ. ಅದು ದುಬಾರಿಯಾಯಿತು. ಬೋರ್‌ವೆಲ್ ಮೋಟಾರು, ಟ್ರ್ಯಾಕ್ಟರ್ ಕ್ಲಚ್ಚು, ಸ್ಕೂಟರಿನ ಮೊಂಡುತನಗಳ ಬಗ್ಗೆ ಬರುತ್ತಿದ್ದ ಪತ್ರಗಳೆಲ್ಲ ಹಿಂದೆ ಸರಿದು, ಹಳೆಯ ಬ್ರಿಟಿಷ್ ಗಾಡಿಗಳ ಪತ್ರಗಳೇ ಮೇಜು ತುಂಬಿವೆ. ನಮ್ಮ ಭಾಗದ ಶೆಡ್ಡುಗಳಲ್ಲಿ, ಮೇವಿನ ಹಿಂದೆ, ಹತ್ತಿ ಮೂಟೆಗಳ ಕೆಳಗೆ ಇಷ್ಟು ಗಾಡಿಗಳು ಅಡಗಿವೆ ಎಂದು ನನಗೂ ಗೊತ್ತಿರಲಿಲ್ಲ. ಈ ಸಂಚಿಕೆಯನ್ನು ಅವುಗಳಿಗೇ ಬಿಟ್ಟಿದ್ದೇನೆ. ಪಂಪ್‌ಸೆಟ್ಟಿನವರು ಒಂದು ತಿಂಗಳು ಕ್ಷಮಿಸಬೇಕು.

ಹೊಸ ಓದುಗರಿಗೆ ಒಂದು ಮಾತು. ನಾನು ಮೆಕ್ಯಾನಿಕ್ ಅಲ್ಲ. ಬೆಳಗಾವಿಯಲ್ಲಿ ಐಟಿಐ ಹುಡುಗರಿಗೆ ಅರ ಹಿಡಿಯುವುದು, ಲೇತ್ ತಿರುಗಿಸುವುದು ಕಲಿಸಿ ನಿವೃತ್ತನಾದ ಮಾಸ್ತರ. ಗಾಡಿ ಕೆಲಸ ಕಲಿಸಿದವರು ಕ್ಯಾಂಪ್ ಪ್ರದೇಶದಲ್ಲಿ ಗ್ಯಾರೇಜು ಇಟ್ಟಿದ್ದ ನನ್ನ ಸೋದರಮಾವ. ತಪ್ಪು ಕಲಿಸಿದ್ದು ಮಾತ್ರ ನನಗೆ ನಾನೇ.

ಪ್ರಶ್ನೆ: ನಮ್ಮ ಅಜ್ಜನ ಎಂಜಿಎ 1500 ಗಾಡಿ 1984ರಿಂದ ತೋಟದ ಗಾಣದ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಇಂಜಿನ್ ತಿರುಗುವುದಿಲ್ಲ. ಮೊದಲು ಬಣ್ಣ ಹೊಡೆಸು, ಗಾಡಿಗೆ ಕಳೆ ಬರುತ್ತದೆ ಎನ್ನುತ್ತಾರೆ ಕಾಕಾ. ಮಾರುತಿ ಇಂಜಿನ್ ಕೂರಿಸಿಬಿಡು ಎನ್ನುತ್ತಾನೆ ಗ್ಯಾರೇಜಿನ ಗೆಳೆಯ. ದೀಪಾವಳಿ ರಜೆಯಲ್ಲಿ ಪೂರ್ತಿ ಬಿಚ್ಚಿ ಕೆಲಸ ಶುರು ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ, ಮಾಸ್ತರರೇ? — ಜಮಖಂಡಿ ತಾಲ್ಲೂಕಿನ ಯುವಕ

ಉತ್ತರ: ತಮ್ಮಾ, ಬಿಚ್ಚಬೇಡ. ಕಾಕಾನ ಮಾತನ್ನೂ ಗೆಳೆಯನ ಮಾತನ್ನೂ ಸ್ವಲ್ಪ ದಿನ ಪಕ್ಕಕ್ಕಿಡು. ಒಳ್ಳೆಯ ಟಾರ್ಚ್, ಚಿಕ್ಕ ಸುತ್ತಿಗೆ, ಒಂದು ನೋಟ್‌ಬುಕ್ಕು, ಮೊಬೈಲ್ ಕ್ಯಾಮೆರಾ ಇಷ್ಟನ್ನೇ ಹಿಡಿದು ಶೆಡ್ಡಿಗೆ ಹೋಗು.

ಏಕೆಂದು ಹೇಳುತ್ತೇನೆ. ನನ್ನ ಗಾಡಿ 1991ರಲ್ಲಿ ಮನೆಗೆ ಬಂತು, ಆ ಬೇಸಿಗೆ ರಜೆಯಲ್ಲೇ ಕೈ ಹಾಕಿದೆ. ಬಿಚ್ಚಲು ಹನ್ನೊಂದು ದಿನ ಹಿಡಿಯಿತು, ಜೋಡಿಸಲು ಒಂಬತ್ತು ವರ್ಷ. ಬೋಲ್ಟುಗಳನ್ನೆಲ್ಲ ಅಡುಗೆಮನೆಯ ಅವಲಕ್ಕಿ ಡಬ್ಬಿಗಳಲ್ಲಿ ತುಂಬಿ, ಮೇಲೆ ಕಾಗದದ ಚೀಟಿ ಅಂಟಿಸಿದ್ದೆ. ಅಂಟು ಮೈದಾ ಹಿಟ್ಟಿನದು. ಮೊದಲ ಮಳೆಗಾಲ ಮುಗಿಯುವುದರೊಳಗೆ ಇಲಿಗಳು ಅಷ್ಟೂ ಚೀಟಿ ತಿಂದು ತೇಗಿದ್ದವು. ಇಪ್ಪತ್ತೆರಡು ಡಬ್ಬಿ, ಒಂದಕ್ಕೂ ಹೆಸರಿಲ್ಲ. ಡಬ್ಬಿಗಳ ಲೆಕ್ಕವನ್ನು ನನ್ನ ಹೆಂಡತಿ ಇಂದಿಗೂ ಬಿಟ್ಟಿಲ್ಲ.

ಈಗ ನೋಡುವ ಕ್ರಮ. ಎಂಜಿಎ ಗಾಡಿಗೆ ಚಾಸಿ, ಎಂದರೆ ಕೆಳಗಿನ ಉಕ್ಕಿನ ಚೌಕಟ್ಟು ಬೇರೆ, ಬಾಡಿ ಬೇರೆ. ಅದರ ನಂತರ 1962ರಲ್ಲಿ ಬಂದ ಎಂಜಿಬಿಯಲ್ಲಿ ಎರಡೂ ಒಂದೇ. ಅಲ್ಲಿ ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದರೆ ಗಾಡಿಯ ಬೆನ್ನೆಲುಬೇ ಹೋದಂತೆ. ನಿನ್ನ ಗಾಡಿಯಲ್ಲಿ ಚಾಸಿ ಗಟ್ಟಿ ಇರುವ ಸಾಧ್ಯತೆ ಹೆಚ್ಚು. ಆದರೆ ಸಿಲ್ಲುಗಳು, ಬಾಗಿಲ ಹಿಂದೆ ಮುಂದಿನ ಕಂಬಗಳ ಬುಡ, ಸೀಟಿನ ಹಿಂದೆ ಬ್ಯಾಟರಿ ಕೂರುವ ಕಬ್ಬಿಣದ ತೊಟ್ಟಿಲುಗಳು, ಈ ಮೂರು ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ಠಣ್ ಎಂದರೆ ಕಬ್ಬಿಣ ಉಳಿದಿದೆ. ಧಬ್ ಎಂದರೆ ಒಳಗೆ ಪುಟ್ಟಿ ಅಥವಾ ಜಂಗು. ನೆಲಹಾಸು ಪ್ಲೈವುಡ್ಡಿನದು, ಅದು ಕೊಳೆತಿದ್ದರೆ ಗಾಬರಿಯಾಗಬೇಡ. ಹಳೆಯದನ್ನೇ ಅಚ್ಚಾಗಿಟ್ಟು ನಿಮ್ಮೂರಿನ ಬಡಿಗರು ಅರ್ಧ ದಿನದಲ್ಲಿ ಹೊಸದು ಕೊಯ್ದು ಕೊಡುತ್ತಾರೆ.

ಅಯಸ್ಕಾಂತ ಹಿಡಿದು ಪುಟ್ಟಿ ಪತ್ತೆ ಮಾಡುವ ಉಪಾಯ ನಿನಗೂ ಯಾರಾದರೂ ಹೇಳಿರುತ್ತಾರೆ. ನನ್ನ ಗಾಡಿ ನೋಡಲು ಒಮ್ಮೆ ಒಬ್ಬ ಗಿರಾಕಿ ಬಂದಿದ್ದರು. ಬಾಗಿಲಿಗೆ ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ಬಾನೆಟ್ಟಿಗೂ ಅಂಟಲಿಲ್ಲ, ಡಿಕ್ಕಿಗೂ ಅಂಟಲಿಲ್ಲ. ‘ಇಡೀ ಗಾಡಿ ಪುಟ್ಟಿಯದೇ’ ಎಂದು ಮುಖ ಸಿಂಡರಿಸಿ, ಚಹಾ ಕೂಡ ಕುಡಿಯದೆ ಹೋದರು. ಎಂಜಿಎಯ ಬಾಗಿಲು, ಬಾನೆಟ್ಟು, ಡಿಕ್ಕಿ ಮುಚ್ಚಳಗಳ ಹೊರತಗಡು ಅಲ್ಯುಮಿನಿಯಂ ಎಂದು ಅವರಿಗೆ ಹೇಳಲು ನನಗೂ ಮನಸ್ಸಾಗಲಿಲ್ಲ. ಮಾರುವ ಆಸೆ ನನಗೇ ಇರಲಿಲ್ಲವೆನ್ನಿ. ನೀನು ನೋಡಬೇಕಾದದ್ದು ಆ ತಗಡಿನ ಅಂಚುಗಳನ್ನು. ಒಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಅಲ್ಯುಮಿನಿಯಂ ಮಡಚಿಕೊಳ್ಳುವ ಕಡೆ ನೀರು ನಿಂತರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿಕೊಂಡು, ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸಿಲ್ಲು ಹೋಗಿದ್ದು, ಬಾಡಿ ಎತ್ತಲೇಬೇಕಾಗಿ ಬಂದರೆ, ಬಾಗಿಲ ಬಾಯಿಗೆ ಅಡ್ಡವಾಗಿ ಕೊಳವೆ ವೆಲ್ಡ್ ಮಾಡದೆ ಎತ್ತಬೇಡ. ಹಾಗೇ ಎತ್ತಿದರೆ ಬಾಡಿ ನಡು ಮುರಿದ ಹಸುವಿನ ಹಾಗೆ ಕುಸಿಯುತ್ತದೆ, ಮುಂದೆ ಯಾವ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಕಾಕಾನ ಬಣ್ಣ ಇದೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಜಂಗಿನ ಮೇಲೆ ಹೊಡೆದ ಬಣ್ಣ ಎರಡನೆಯ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ.

ಇಂಜಿನ್ ವಿಷಯ. ನಲವತ್ತು ವರ್ಷ ನಿಂತದ್ದು ತಿರುಗಲಿಲ್ಲ ಎಂದರೆ ಸತ್ತಿದೆ ಎಂದಲ್ಲ, ಪಿಸ್ಟನ್ ರಿಂಗುಗಳು ಜಂಗಿನಿಂದ ಸಿಲಿಂಡರಿಗೆ ಅಂಟಿಕೊಂಡಿವೆ ಅಷ್ಟೇ. ನಾಲ್ಕೂ ಪ್ಲಗ್ ತೆಗೆದು, ಪ್ರತಿ ರಂಧ್ರಕ್ಕೂ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮ ಬೆರೆಸಿ ಒಂದೆರಡು ಚಮಚ ಬಿಡು. ಒಂದು ವಾರ ಬಿಟ್ಟು ಮತ್ತೆ ಬಿಡು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ಆಚೆ ಈಚೆ ಅಲ್ಲಾಡಿಸು. ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನೇ ಹಿಂದೆ ಮುಂದೆ ತೂಗಿದರೂ ಆಗುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಬುದ್ಧಿ ಮಾತ್ರ ಬೇಡ, ರಿಂಗು ತುಂಡಾಗಿ ಸಿಲಿಂಡರ್ ಗೀರುತ್ತದೆ. ತಿರುಗಿತೋ, ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಆಯಿಲ್ ಪ್ರೆಷರಿನ ಮುಳ್ಳು ಏಳುವ ತನಕ ಕಾಯಿ. ಮುಳ್ಳು ಏಳದೆ ಇಂಜಿನ್ ಹೊತ್ತಿಸಿದರೆ ಬೇರಿಂಗಿಗೆ ತಿಥಿ ಮಾಡಿದಂತೆ. ಹಳೆಯ ಪೆಟ್ರೋಲ್ ಟ್ಯಾಂಕಿನಲ್ಲಿ ಅಂಟಿನಂತೆ ಕೂತಿರುತ್ತದೆ, ಟ್ಯಾಂಕನ್ನು ಇಳಿಸಿ ತೊಳೆ. ತೂತು ಕಂಡರೆ ನೀನಾಗಿ ವೆಲ್ಡಿಂಗ್ ಹಚ್ಚಬೇಡ. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ, ಅದು ಬಾಂಬು.

ಮಾರುತಿ ಇಂಜಿನ್ ಹೇಳಿದ ಗೆಳೆಯನಿಗೆ ಇದನ್ನು ಹೇಳು. ನಿನ್ನ ಗಾಡಿಯ ಹೊಟ್ಟೆಯಲ್ಲಿರುವುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಇಂಜಿನ್, 1489 ಸಿಸಿ. ನಮ್ಮ ಅಂಬಾಸಡರಿನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಅದೇ ಮನೆತನದ್ದು. ಬೋರ್ 73 ಮಿಲಿಮೀಟರ್, ಸ್ಟ್ರೋಕ್ 88.9, ಎರಡಕ್ಕೂ ಅಷ್ಟೇ. ಎಂಜಿಎಯದ್ದಕ್ಕೆ ಎರಡು ಎಸ್‌ಯು ಕಾರ್ಬುರೇಟರು, ದೊಡ್ಡ ವಾಲ್ವು, ಹೆಚ್ಚಿನ ಕಂಪ್ರೆಷನ್ನು; ಆದ್ದರಿಂದ ಎಲ್ಲ ಭಾಗವೂ ಕಣ್ಣು ಮುಚ್ಚಿ ಕೂರುವುದಿಲ್ಲ, ಹಳೆಯದನ್ನು ಕೈಯಲ್ಲಿ ಹಿಡಿದು ಹೋಲಿಸಿಯೇ ಕೊಳ್ಳಬೇಕು. ಆದರೆ ಈ ಇಂಜಿನ್ನಿನ ಗುಣ ಬಲ್ಲ ಮುದುಕ ಮಿಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗಿಗೆ ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗಕ್ಕೆ ಬಂದರೆ ಸಾಕು. ಎರಕ, ಲೇತು ಎರಡೂ ಈ ಊರಿನ ಹೊಟ್ಟೆಪಾಡು. ಹೆಡ್ ಬಿಚ್ಚುವುದಾದರೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂರಿಸಿಬಿಡು. 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದರು, ಆ ಸೀಸವೇ ಹಳೆಯ ಎರಕದ ಸೀಟುಗಳನ್ನು ಸವೆಯದಂತೆ ಕಾಯುತ್ತಿತ್ತು.

ಪಾನಾಗಳ ಮಾತು ಕೊನೆಗೆ. ಈ ಗಾಡಿಯ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. 13ರ ಪಾನಾ ಅದರ ಮೇಲೆ ಕೂತಂತೆ ಕಾಣುತ್ತದೆ, ಬಲ ಹಾಕಿದೊಡನೆ ಮೂಲೆಗಳನ್ನು ಸವರಿ ಉಂಡೆ ಮಾಡುತ್ತದೆ. ಅಂಬಾಸಡರ್ ಕಾಲದ ಮಿಸ್ತ್ರಿಗಳ ಪೆಟ್ಟಿಗೆಯಲ್ಲಿ ಮೂರೂವರೆ ಸೂತ, ನಾಲ್ಕು ಸೂತ, ನಾಲ್ಕೂವರೆ ಸೂತದ ಪಾನಾಗಳು ಇದ್ದೇ ಇರುತ್ತವೆ (ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು). ಕೊಳ್ಳಲು ಸಿಗದಿದ್ದರೆ ಬೇಡಿಕೊಂಡು ತಾ. ದೀಪಾವಳಿ ರಜೆಯಷ್ಟನ್ನೂ ನೋಡುವುದಕ್ಕೆ, ಫೋಟೊ ತೆಗೆಯುವುದಕ್ಕೆ ಕೊಡು. ಡಬ್ಬಿಗಳಿಗೆ ಚೀಟಿ ಬೇಡ, ಮುಚ್ಚಳದ ಮೇಲೆ ಉಕ್ಕಿನ ಮೊಳೆಯಿಂದ ಗೀಚು.

ಪ್ರಶ್ನೆ: ನನ್ನ ಎಂಜಿಎ ಸ್ಟಾರ್ಟ್ ಮಾಡುವಾಗಲೆಲ್ಲ ಚೋಕ್ ಎಳೆಯುವ ತಂತಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಹೋದ ವಾರ ಅದರ ಹೊದಿಕೆಯಿಂದ ಹೊಗೆ ಬಂತು. ಹೆಡ್‌ಲೈಟೂ ಮಂಕು. ಹೊಸ ರೇಡಿಯೊ ಹಾಕಿಸಿದೆ, ಸ್ವಿಚ್ ಒತ್ತಿದ ಕೂಡಲೇ ಸುಟ್ಟಿತು. ಬ್ರಿಟನ್ನಿನ ಲೂಕಾಸ್ ಕಂಪನಿಯ ವೈರಿಂಗ್ ಅಂದರೆ ಇಷ್ಟೇ, ಪೂರ್ತಿ ಕಿತ್ತು ಹೊಸದು ಹಾಕಿ ಎನ್ನುತ್ತಾರೆ ಎಲೆಕ್ಟ್ರಿಷಿಯನ್. — ನಿವೃತ್ತ ಶಿಕ್ಷಕ, ವಿಜಯಪುರ

ಉತ್ತರ: ಗುರುಗಳೇ, ಪತ್ರ ಓದಿ ಸಂತೋಷವಾಯಿತು. ರೋಗಿಯೇ ರೋಗದ ಹೆಸರು ಹೇಳಿದಂತಿದೆ. ನಿಮ್ಮ ಗಾಡಿಯಲ್ಲಿ ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಇಲ್ಲ, ಅಥವಾ ಇದ್ದೂ ಸತ್ತಿದೆ.

ಇಂಜಿನ್ ಕೂತಿರುವುದು ರಬ್ಬರ್ ಗುಡ್ಡೆಗಳ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಇಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಯಾರೋ ಗೇರ್‌ಬಾಕ್ಸ್ ಇಳಿಸುವಾಗ ಅದನ್ನು ಬಿಚ್ಚಿ, ಮತ್ತೆ ಹಾಕುವುದನ್ನು ಮರೆತಿದ್ದಾರೆ. ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರ್ ಎಲ್ಲಿಂದಲಾದರೂ ಹಿಂದಿರುಗಬೇಕಲ್ಲ? ಇಂಜಿನ್ನಿಗೂ ಡ್ಯಾಷ್‌ಬೋರ್ಡಿಗೂ ಲೋಹದಿಂದಲೇ ಕೊಂಡಿಯಾಗಿರುವುದು ಪಾಪದ ಚೋಕ್ ತಂತಿ. ಕಾಲುವೆ ಒಡೆದ ನೀರೆಲ್ಲ ಕಾಲುದಾರಿಯಲ್ಲಿ ಹರಿದಂತೆ ಅಷ್ಟೂ ಕರೆಂಟು ಅದರಲ್ಲೇ ಹರಿಯುತ್ತಿದೆ. ಒಂದು ಪಟ್ಟಿ ಹಾಕಿಸಿ. ಎರಡೂ ತುದಿಯಲ್ಲಿ ಬಣ್ಣ, ಜಂಗು ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಹೆಡ್‌ಲೈಟಿನ ಮಂಕಿಗೂ ಬಹುತೇಕ ಇದೇ ಮದ್ದು, ದೀಪದ ಬುಡದ ಕಪ್ಪು ತಂತಿ ಬಾಡಿಗೆ ಸೇರುವ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ.

ರೇಡಿಯೊ ಸುಟ್ಟದ್ದಕ್ಕೆ ಕಾರಣ ಬೇರೆ. ನಿಮ್ಮದು ಪಾಸಿಟಿವ್ ಅರ್ಥ್ ಗಾಡಿ, ಎಂದರೆ ಬ್ಯಾಟರಿಯ ಧನ ತುದಿ ಬಾಡಿಗೆ ಸೇರಿದೆ. ಎಂಜಿಎಗಳೆಲ್ಲ ಹಾಗೆಯೇ, ಎಂಜಿಬಿಗೆ 1967ರಲ್ಲಿ ನೆಗೆಟಿವ್ ಬಂತು. ಈಗಿನ ರೇಡಿಯೊ, ಮೊಬೈಲ್ ಚಾರ್ಜರು, ಎಲ್‌ಇಡಿ ಯಾವುದಕ್ಕೂ ಈ ಉಲ್ಟಾ ಸಂಸಾರ ಹಿಡಿಸುವುದಿಲ್ಲ. ಬದಲಾಯಿಸಲೇಬೇಕೆಂದರೆ ಕಷ್ಟವಲ್ಲ: ಬ್ಯಾಟರಿ ತಿರುಗಿಸಿ, ಇಗ್ನಿಷನ್ ಕಾಯಿಲಿನ ಎರಡು ತಂತಿ ಅದಲು ಬದಲು ಮಾಡಿ, ಡೈನಮೋದ ಎಫ್ ತುದಿಯ ತಂತಿ ಬಿಚ್ಚಿಟ್ಟು ಆ ತುದಿಗೆ ಬ್ಯಾಟರಿಯ ಜೀವಂತ ತಂತಿಯನ್ನು ಎರಡು ಮೂರು ಬಾರಿ ಕ್ಷಣ ಮಾತ್ರ ತಾಗಿಸಿ. ಕಿಡಿ ಹಾರುತ್ತದೆ, ಡೈನಮೋಗೆ ಹೊಸ ದಿಕ್ಕು ನೆನಪಾಗುತ್ತದೆ. ನಾನಂತೂ ಬದಲಾಯಿಸಿಲ್ಲ. ಆ ಇಂಜಿನ್ನಿನ ಸದ್ದಿನ ಮೇಲೆ ರೇಡಿಯೊ ಕೇಳುವ ಆಸೆ ಏಕೆಂದು ನನಗೆ ಅರ್ಥವಾಗಿಲ್ಲ.

ಲೂಕಾಸ್‌ಗೆ ಬೈಯುವುದು ಬ್ರಿಟನ್ನಿನವರದೇ ಹಳೆಯ ಚಟ, ನಮ್ಮವರು ಅದನ್ನೂ ಆಮದು ಮಾಡಿಕೊಂಡಿದ್ದಾರೆ. ನನಗೆ ಅದರ ವೈರಿಂಗಿನಷ್ಟು ಶಿಸ್ತು ಬೇರೆಡೆ ಕಂಡಿಲ್ಲ. ಕಂದು ತಂತಿ ಎಂದರೆ ಬ್ಯಾಟರಿಯಿಂದ ನೇರ ಬಂದದ್ದು. ಬಿಳಿ ಎಂದರೆ ಕೀಲಿ ತಿರುಗಿಸಿದ ಮೇಲೆ ಬರುವುದು. ಹಸಿರು, ಅದೇ ಬಿಳಿ ಫ್ಯೂಸ್ ದಾಟಿದ ಮೇಲೆ. ನೇರಳೆ, ಕಂದು ಫ್ಯೂಸ್ ದಾಟಿದ ಮೇಲೆ. ಕೆಂಪು ಸಣ್ಣ ದೀಪಗಳಿಗೆ, ನೀಲಿ ದೊಡ್ಡ ದೀಪಕ್ಕೆ, ಕಪ್ಪು ಅರ್ಥ್. ಇಷ್ಟು ಬಾಯಿಪಾಠವಾದರೆ ನೀವೇ ಎಲೆಕ್ಟ್ರಿಷಿಯನ್. ನಿಮ್ಮ ಗಾಡಿಯಲ್ಲಿ ಯಾರೋ ಐದು ಕಡೆ ಹಳದಿ ತಂತಿ ಜೋಡಿಸಿ ಟೇಪು ಸುತ್ತಿರುತ್ತಾರೆ ಎಂದು ನಾನು ಪಣ ಕಟ್ಟುತ್ತೇನೆ. ಕಿತ್ತು ಹಾಕಬೇಕಾದದ್ದು ಅದನ್ನು.

ಪ್ರಶ್ನೆ: ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದರೆ ಪೆಟ್ರೋಲಿನ ವಾಸನೆ. ಎರಡು ಕಾರ್ಬುರೇಟರುಗಳ ಪೈಕಿ ಹಿಂದಿನದರ ಕೆಳಗೆ ತೊಟ್ಟಿಕ್ಕುತ್ತದೆ. ಮೂರು ವರ್ಷದ ಹಿಂದೆ ಎಲ್ಲ ಹೊಸದಾಗಿ ಮಾಡಿಸಿದ್ದೆ. ಗಾಡಿ ಈಚೆಗೆ ಎಳೆಯುವುದೂ ಇಲ್ಲ. ಎಥೆನಾಲ್ ಕಾರಣವೇ? — ತಿಲಕವಾಡಿ, ಬೆಳಗಾವಿ

ಉತ್ತರ: ಹೌದು, ಬಹುಪಾಲು ಅದೇ. ವಿಚಿತ್ರ ನೋಡಿ, ನಮ್ಮ ಜಿಲ್ಲೆಯಲ್ಲಿ ಕಬ್ಬಿಗೆ ಬೈಯುವ ಧೈರ್ಯ ಯಾರಿಗಿದೆ? ನನ್ನ ತಮ್ಮನೇ ಗೋಕಾಕ ಕಡೆ ನಾಲ್ಕು ಎಕರೆ ಕಬ್ಬು ಹಾಕಿದ್ದಾನೆ. ಅವನ ಕಬ್ಬು ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ, ನನ್ನ ಕಾರ್ಬುರೇಟರನ್ನು ತಿನ್ನುತ್ತಿದೆ. ಹಬ್ಬದ ಊಟಕ್ಕೆ ಕೂತಾಗ ಈ ಜಗಳ ಪ್ರತಿ ವರ್ಷ ಇದ್ದದ್ದೇ.

2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ. 20 ಮುಟ್ಟಿತು. ಇದು ಹಳೆಯ ಗಾಡಿಗೆ ಮೂರು ತೊಂದರೆ ಕೊಡುತ್ತದೆ. ಹಳೆಯ ರಬ್ಬರ್ ಕೊಳವೆಗಳು ಮೊದಲು ಉಬ್ಬಿ ಆಮೇಲೆ ಬಿರಿಯುತ್ತವೆ. ಎರಡನೆಯದು, ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯ ಗಾಳಿಯೇ ಒದ್ದೆ ಬಟ್ಟೆ. ನೀರು ಹೆಚ್ಚಾದಾಗ ಎಥೆನಾಲ್ ಅದರೊಂದಿಗೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ, ಅಲ್ಲಿಂದ ಜಂಗು. ಮೂರನೆಯದೇ ನಿಮ್ಮ ಗಾಡಿ ಎಳೆಯದಿರುವುದಕ್ಕೆ ಕಾರಣ: ಒಂದು ಪಾಲು ಪೆಟ್ರೋಲ್ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಪಾಲು ಸಾಕು. ಕಾರ್ಬುರೇಟರ್ ಹಳೆಯ ಲೆಕ್ಕದಲ್ಲೇ ಗಾಳಿ ಬಿಡುತ್ತದೆ, ಆದ್ದರಿಂದ ಮಿಶ್ರಣ ತೆಳುವಾಗುತ್ತದೆ.

ತೊಟ್ಟಿಕ್ಕುವುದು ಎಲ್ಲಿಂದ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಫ್ಲೋಟ್ ಬಟ್ಟಲಿನ ಮೇಲಿಂದಾದರೆ ಸೂಜಿ ವಾಲ್ವು ಹಿಡಿಯುತ್ತಿಲ್ಲ. ವೈಟನ್ ಎಂಬ ರಬ್ಬರಿನ ತುದಿಯ ಸೂಜಿ ಹಾಕಿಸಿ. ಕೆಳಗೆ ಜೆಟ್ಟಿನ (ಪೆಟ್ರೋಲ್ ಬರುವ ಸಣ್ಣ ನಳಿಗೆ) ಬುಡದಿಂದಾದರೆ, ಆ ಎಚ್4 ಮಾದರಿಯ ಕಾರ್ಬುರೇಟರಿನ ಜೆಟ್ಟಿಗೆ ಕಾರ್ಕಿನ ಬಿರಡೆಗಳಿರುತ್ತವೆ, ಅವು ಒಣಗಿವೆ. ಹೊಸ ಕಾರ್ಕನ್ನು ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ನೆನೆಸಿಟ್ಟು ಹಾಕಬೇಕು. ಒಣ ಕಾರ್ಕು ಹಾಕಿ, ಸೋರುತ್ತದೆಂದು ಇನ್ನಷ್ಟು ಬಿಗಿದು, ಜೆಟ್ಟೇ ಅಲ್ಲಾಡದಂತೆ ಮಾಡಿದವರನ್ನು ಕಂಡಿದ್ದೇನೆ. ಕೊಳವೆಗಳೆಲ್ಲ ಎಥೆನಾಲ್ ತಡೆಯುವ ಜಾತಿಯವೇ ಇರಲಿ.

ಆಮೇಲೆ, ತೆಳುವಾದ ಮಿಶ್ರಣ ದಪ್ಪವಾಗಲು, ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಎರಡೂ ಕಾರ್ಬುರೇಟರಿನಲ್ಲಿ ಒಂದೊಂದು ಮುಖ ಕೆಳಗಿಳಿಸಿ. ಇಂಜಿನ್ ಬಿಸಿ ಇದ್ದಾಗ, ಸಣ್ಣ ಸ್ಕ್ರೂಡ್ರೈವರಿನಿಂದ ಕಾರ್ಬುರೇಟರಿನ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡಿ. ವೇಗ ಏರಿ ಏರಿಯೇ ಉಳಿದರೆ ಮಿಶ್ರಣ ದಪ್ಪ. ಇಂಜಿನ್ ಕುಗ್ಗಿ ಸಾಯಲು ಹೊರಟರೆ ತೆಳು. ಸ್ವಲ್ಪವೇ ಏರಿ ಮತ್ತೆ ಮೊದಲಿನ ವೇಗಕ್ಕೆ ಬಂದರೆ ಸರಿ. ಎರಡೂ ಸಮ ಉಸಿರಾಡುತ್ತಿವೆಯೇ ಎಂದು ತಿಳಿಯಲು ಒಂದು ಗಜ ರಬ್ಬರ್ ಕೊಳವೆ ಸಾಕು, ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ನಮ್ಮ ಮಾವ ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು, ಆಗ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ಪ್ರಶ್ನೆ: ಈಗ ಊರೂರಿಗೆ ಎಂಜಿ ಷೋರೂಮುಗಳಿವೆ. ಹಳೆಯ ಎಂಜಿ ಗಾಡಿಯ ಭಾಗಗಳು ಅಲ್ಲಿ ಸಿಗುತ್ತವೆಯೇ? — ಬಾಗಲಕೋಟೆ

ಉತ್ತರ: ಇಲ್ಲ. ಹಳೆಯ ಎಂಜಿಗಳು ಹುಟ್ಟಿದ ಅಬಿಂಗ್ಡನ್ ಕಾರ್ಖಾನೆಗೆ 1980ರಲ್ಲೇ ಬೀಗ ಬಿತ್ತು. ಹೆಸರು, ಎಂಟು ಮೂಲೆಯ ಮುದ್ರೆ ಎರಡೂ ಈಗ ಚೀನಾದ ಕಂಪನಿಯ ಕೈಗೆ ಹೋಗಿವೆ. ಭಾರತದಲ್ಲಿ ಆ ಹೆಸರಿನ ಹೊಸ ಗಾಡಿ ಬಂದದ್ದು 2019ರಲ್ಲಿ. ಷೋರೂಮಿನ ಹುಡುಗರು ನಿಮ್ಮ ಗಾಡಿಯ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಅಷ್ಟೇ.

ಪ್ರಶ್ನೆ: ತಂತಿ ಕಡ್ಡಿಯ ಚಕ್ರಗಳು. ಮುಂದಿನ ಎಡಚಕ್ರದ ನಡುವಿನ ಕಿವಿನಟ್ಟು ಎಷ್ಟು ಬಿಗಿದರೂ ಐವತ್ತು ಕಿಲೋಮೀಟರಿಗೆ ಸಡಿಲವಾಗುತ್ತದೆ. ಇನ್ನೂ ಜೋರಾಗಿ ಹೊಡೆಯಲೇ? — ಶಹಾಪುರ, ಬೆಳಗಾವಿ

ಉತ್ತರ: ಹೊಡೆಯಬೇಡಿ, ಓಡಿಸಲೂ ಬೇಡಿ. ಇಂದೇ ನಿಲ್ಲಿಸಿ.

ಜಾಂಬೋಟಿ ರಸ್ತೆಯಲ್ಲಿ ನನ್ನ ಗಾಡಿಯ ಎಡಚಕ್ರ ನನ್ನನ್ನು ದಾಟಿಕೊಂಡು ಮುಂದೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ವೇಗ ಕಡಿಮೆ ಇತ್ತು, ಹೊಲದ ಬದು ಮೆತ್ತಗಿತ್ತು, ಬದುಕಿದೆ. ಚಕ್ರ ಭತ್ತದ ಗದ್ದೆಯಲ್ಲಿ ಸಿಕ್ಕಿತು, ಕಿವಿನಟ್ಟು ಸಿಗಲೇ ಇಲ್ಲ. ಆಮೇಲೆ ನೋಡಿದರೆ, ಬೇರಿಂಗ್ ಬದಲಿಸಿದ ಪುಣ್ಯಾತ್ಮರೊಬ್ಬರು ಎಡದ ಹಬ್ಬನ್ನು, ಎಂದರೆ ಚಕ್ರ ಕೂರುವ ನಡುಭಾಗವನ್ನು, ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದರು.

ಈ ಹಬ್ಬುಗಳ ಥ್ರೆಡ್ ಎರಡು ಕಡೆ ಎರಡು ಬಗೆ. ಗಾಡಿಯ ಎಡಗಡೆ ಸಾಮಾನ್ಯ ಬಲತಿರುವು, ಬಲಗಡೆ ಎಡತಿರುವು. ಸರಿಯಾಗಿದ್ದರೆ ಗಾಡಿ ಓಡಿದಷ್ಟೂ ನಟ್ಟು ತಾನಾಗಿ ಬಿಗಿಯುತ್ತ ಹೋಗುತ್ತದೆ, ಅದಲು ಬದಲಾದರೆ ಓಡಿದಷ್ಟೂ ಬಿಚ್ಚುತ್ತ ಹೋಗುತ್ತದೆ. ಪರೀಕ್ಷೆ ಸುಲಭ: ಯಾವ ಬದಿಯಲ್ಲೇ ಆಗಲಿ, ನಟ್ಟಿನ ಮೇಲಿನ ಕಿವಿಯನ್ನು ಗಾಡಿಯ ಮುಂದಕ್ಕೆ ಹೊಡೆದರೆ ಸಡಿಲವಾಗಬೇಕು, ಹಿಂದಕ್ಕೆ ಹೊಡೆದರೆ ಬಿಗಿಯಬೇಕು. ನಿಮ್ಮದರಲ್ಲಿ ಉಲ್ಟಾ ಇದ್ದರೆ ಹಬ್ಬುಗಳನ್ನು ಬದಲಾಯಿಸಿ. ಥ್ರೆಡ್ ಸರಿ ಇದ್ದೂ ಸಡಿಲವಾಗುತ್ತಿದ್ದರೆ ಹಬ್ಬಿನ ಹಲ್ಲುಗಳು ಸವೆದಿವೆ. ಚಕ್ರ ತೆಗೆದು ಬೆರಳಾಡಿಸಿ ನೋಡಿ: ಹಲ್ಲಿನ ತುದಿ ಚಪ್ಪಟೆ ಇರಬೇಕು, ಗರಗಸದಂತೆ ಚೂಪಾಗಿದ್ದರೆ ಹಬ್ಬು, ಚಕ್ರ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ. ಹಲ್ಲಿಗೆ ತೆಳುವಾಗಿ ಗ್ರೀಸ್ ಸವರಿ, ತಾಮ್ರದ ಸುತ್ತಿಗೆಯನ್ನೇ ಬಳಸಿ.

ಪ್ರಶ್ನೆ: ನನ್ನದು ಸ್ಪೋರ್ಟ್ಸ್ ಕಾರಲ್ಲ, ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್. ತಪ್ಪದೆ ಗ್ರೀಸ್ ಹೊಡೆಸುತ್ತೇನೆ, ಆದರೂ ಸ್ಟೇರಿಂಗ್ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. — ಮುದ್ದೇಬಿಹಾಳ

ಉತ್ತರ: ಸಂಕೋಚ ಬೇಡ. ಮದ್ರಾಸಿನಲ್ಲಿ 1961ರಿಂದ ತಯಾರಾದ ನಿಮ್ಮ ಹೆರಾಲ್ಡ್ ಮೂಲದಲ್ಲಿ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಅದರ ಚಾಸಿಯನ್ನೇ ಗಿಡ್ಡ ಮಾಡಿ, ಅದರ ಮುಂಗಾಲುಗಳನ್ನೇ ಇಟ್ಟು, ಟ್ರಯಂಫ್ ಸ್ಪಿಟ್‌ಫೈರ್ ಎಂಬ ಚೆಲುವೆಯನ್ನು ಮಾಡಿದರು. ನಿಮ್ಮ ಮನೆಯಲ್ಲಿರುವುದು ಸ್ಪೋರ್ಟ್ಸ್ ಕಾರಿನ ಅಕ್ಕ.

ನಿಮ್ಮ ತಪ್ಪು ಗ್ರೀಸ್. ಮುಂಚಕ್ರದ ನೆಟ್ಟ ಕಂಬದ ಕೆಳತುದಿಯಲ್ಲಿ ಥ್ರೆಡ್ ಇದೆ, ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಎಂಬ ಗುಂಡಿಯೊಳಗೆ ತಿರುಗುತ್ತದೆ. ಅಲ್ಲಿಗೆ ಬೇಕಾದದ್ದು ಗೇರ್ ಆಯಿಲ್, ಇಪಿ 90. ನಿಪ್ಪಲ್ ನೋಡಿದೊಡನೆ ನಮ್ಮವರ ಕೈ ಗ್ರೀಸ್ ಗನ್ನಿಗೆ ಹೋಗುತ್ತದೆ; ಗ್ರೀಸ್ ಅಲ್ಲಿ ಗಟ್ಟಿ ಕಟ್ಟಿ, ಥ್ರೆಡ್ಡಿನ ತಳಕ್ಕೆ ಎಣ್ಣೆಯೇ ಇಳಿಯದಂತೆ ಅಡ್ಡ ಕೂರುತ್ತದೆ. ಒಳಗೆ ನೀರು ಸೇರಿ ಉಕ್ಕಿನ ಕಂಬ ಜಂಗು ಹಿಡಿದು ಒಂದು ದಿನ ಮುರಿದರೆ ಚಕ್ರ ಬಾಡಿಯ ಕೆಳಗೆ ಮಡಚಿಕೊಳ್ಳುತ್ತದೆ. ಎರಡೂ ಬದಿ ಬಿಚ್ಚಿಸಿ, ಗ್ರೀಸ್ ತೊಳೆದು, ಕಂಬದ ಥ್ರೆಡ್ ಮೇಲೆ ಗೀರು, ಸವೆತ, ಜಂಗಿನ ಗುಳಿ ಇದೆಯೇ ನೋಡಿ. ಇದ್ದರೆ ಹೊಸದು ಹಾಕಿಸುವ ತನಕ ಗಾಡಿ ಹೊರತೆಗೆಯಬೇಡಿ. ಸರಿ ಇದ್ದರೆ ಒಂದು ಗ್ರೀಸ್ ಗನ್ನಿಗೆ ಗೇರ್ ಆಯಿಲ್ ತುಂಬಿ, ಮೇಲೆ ‘ಹೆರಾಲ್ಡ್’ ಎಂದು ಬಣ್ಣದಲ್ಲಿ ಬರೆದು ಬೇರೆಯೇ ಇಡಿ.

ಪ್ರಶ್ನೆ: ಐವತ್ತು ವರ್ಷ ದಾಟಿದ ಗಾಡಿಗೆ ಬೇರೆ ನಂಬರ್ ಕೊಡುತ್ತಾರಂತೆ, ನಿಜವೇ? — ಗೋಕಾಕ

ಉತ್ತರ: ನಿಜ. ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರದ ಸರಣಿ ಮಾಡಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ, ಮರುನೋಂದಣಿಗೆ 5,000. ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಇಲ್ಲ. ಮುಖ್ಯ ಷರತ್ತು, ಗಾಡಿ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ಜಮಖಂಡಿಯ ತಮ್ಮ ಇದನ್ನು ತನ್ನ ಮಾರುತಿ ಗೆಳೆಯನಿಗೆ ಓದಿ ಹೇಳಬೇಕು.

ಪ್ರಶ್ನೆ: ನಮ್ಮ ಅಪ್ಪನ ಎಂಜಿಎ ಅಂಗಳದಲ್ಲಿ ಎಲ್ಲಿ ನಿಂತರೂ ಎಣ್ಣೆ ಸೋರಿಸುತ್ತದೆ. ರಂಗೋಲಿ ಹಾಳಾಗುತ್ತದೆಂದು ಅಮ್ಮ ದಿನಾ ಗೊಣಗುತ್ತಾಳೆ. ಅಪ್ಪ ಎರಡು ಸಲ ಪ್ಯಾಕಿಂಗ್ ಬದಲಿಸಿದರೂ ನಿಂತಿಲ್ಲ. ಅಜ್ಜಾ, ನಿಲ್ಲಿಸುವುದು ಹೇಗೆ? — ಒಂಬತ್ತನೆಯ ತರಗತಿ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಮಗಳೇ, ಪೂರ್ತಿ ನಿಲ್ಲುವುದಿಲ್ಲ. ಈಗಿನ ಇಂಜಿನ್ನುಗಳಲ್ಲಿ ಕ್ರ್ಯಾಂಕಿನ ಹಿಂತುದಿಗೆ ರಬ್ಬರ್ ಸೀಲ್ ಇರುತ್ತದೆ, ನಿಮ್ಮ ಅಪ್ಪನ ಗಾಡಿಯಲ್ಲಿ ಅದಿಲ್ಲ. ಅದರ ಬದಲು ಕ್ರ್ಯಾಂಕಿನ ಮೇಲೆ ಸ್ಕ್ರೂವಿನಂತೆ ಒಂದು ಸುರುಳಿ ಕೊರೆದಿದ್ದಾರೆ. ಇಂಜಿನ್ ತಿರುಗುವಾಗ ಆ ಸುರುಳಿ ಹೊರಬರುವ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ ತಳ್ಳುವವರು ಯಾರೂ ಇಲ್ಲ, ನಾಲ್ಕು ಹನಿ ಬೀಳುತ್ತವೆ.

ನಾಲ್ಕು ಹನಿಗಿಂತ ಹೆಚ್ಚಾದರೆ ಅಪ್ಪನಿಗೆ ಇದನ್ನು ಹೇಳು: ಪ್ಯಾಕಿಂಗ್ ಮುಟ್ಟುವ ಮೊದಲು ಇಂಜಿನ್ನಿನ ಉಸಿರುಕೊಳವೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಲಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಹೆಚ್ಚಿ, ಎಣ್ಣೆ ಸಿಕ್ಕ ಸಿಕ್ಕ ಸಂದಿಯಿಂದ ಹೊರಬರುತ್ತದೆ. ಆಗ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಅಷ್ಟೇ. 20ಡಬ್ಲ್ಯು-50 ಎಣ್ಣೆಯನ್ನೇ ಹಾಕಲಿ, ಹೊಸ ಕಾರುಗಳ ನೀರಿನಂಥ ಎಣ್ಣೆ ಬೇಡ. ಗಾಡಿಯ ಮೂತಿ ಏರಿನ ಕಡೆಗೆ ಇರುವಂತೆ ನಿಲ್ಲಿಸಬಾರದು, ಎಣ್ಣೆಯೆಲ್ಲ ಹಿಂದಕ್ಕೆ ಬರುತ್ತದೆ.

ನೀನು ಮಾಡಬೇಕಾದ ಕೆಲಸವೂ ಒಂದಿದೆ. ಹಳೆಯ ರೊಟ್ಟಿ ಹೆಂಚೊಂದನ್ನು ಗಾಡಿಯ ಕೆಳಗೆ, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗಕ್ಕೆ ಸರಿಯಾಗಿ ಇಡು. ಪ್ರತಿ ಭಾನುವಾರ ಬೆಳಿಗ್ಗೆ ಅದರಲ್ಲಿರುವ ಎಣ್ಣೆಯನ್ನು ಔಷಧಿ ಅಳೆಯುವ ಮುಚ್ಚಳದಿಂದ ಅಳೆದು ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಬರೆ. ಎರಡು ತಿಂಗಳ ಲೆಕ್ಕವಾದ ಮೇಲೆ ನನಗೆ ಕಳಿಸು, ಉಸಿರುಕೊಳವೆ ತೊಳೆದ ತಾರೀಖನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿರು. ಹೆಂಚನ್ನು ಮಾತ್ರ ಅಮ್ಮನನ್ನು ಕೇಳಿಯೇ ತೆಗೆದುಕೊ.